ಮರು: ಸ್ಟೆರೈಲ್ ನ್ಯೂಟ್ರಿನೊಗೆ ಕನ್ನಡದಲ್ಲಿ ಏನು? (ಪೋಸ್ಟರ್ ನಾಳೆ ಪ್ರಿಂಟಿಗೆ)

> ಮಕ್ಕಳ ವಿಜ್ಞಾನ ಮೇಳಕ್ಕೆ ಡಾರ್ಕ್ ಮ್ಯಾಟರ್ (ಬೆಳಕು ಕೊಡದ, ಗುರುತ್ವದಿಂದಷ್ಟೇ ಗೊತ್ತಾಗುವ ವಸ್ತು) ಪೋಸ್ಟರ್. ಅದು ಈ ಕಣಗಳಿಂದ ಆಗಿರಬಹುದು ಅಂತ ಊಹೆ: ಆಕ್ಸಿಯಾನ್, ವಿಂಪ್, ಸ್ಟೆರೈಲ್ ನ್ಯೂಟ್ರಿನೊ, ಮೂರಕ್ಕೂ ಪದ ಬೇಕು. ‘ಬಂಜೆ ನ್ಯೂಟ್ರಿನೋ’ ಅಂತ ಹಾಕಬಹುದಾ?

ಬೇಡ ಮಾರಾಯ್ರೆ. ಹೆಂಗಸರನ್ನು ಚುಚ್ಚುವ ಮಾತು ಅದು, ಮಕ್ಕಳ ಪೋಸ್ಟರಿಗೆ ಯಾಕೆ? ಇಂಗ್ಲಿಷಿನ ಸ್ಟೆರೈಲ್‌ಗೆ ಬಂಜೆ ಅನ್ನುವ ಅರ್ಥ ಇದೆ, ಆದರೆ ಇಲ್ಲಿ ಅದೂ ಕೂಡುವುದಿಲ್ಲ. ಮಾಮೂಲಿ ನ್ಯೂಟ್ರಿನೊ, ಅಂದರೆ ವಿದ್ಯುದಾವೇಶ ಇಲ್ಲದ ತೀರಾ ಹಗುರ ಕಣ, ದುರ್ಬಲ ಬಲದ (ಕಣಗಳ ಮಟ್ಟದಲ್ಲಿ ಕೆಲಸ ಮಾಡುವ ಒಂದು ಬಲ) ಮೂಲಕ ಅಪರೂಪಕ್ಕಾದರೂ ಬೇರೆ ಕಣಗಳ ತಂಟೆಗೆ ಹೋಗುತ್ತದೆ. ಸ್ಟೆರೈಲ್ ನ್ಯೂಟ್ರಿನೊ ಅದಕ್ಕೂ ಹೋಗದು. ಗುರುತ್ವ ಬಿಟ್ಟರೆ ಇದಕ್ಕೆ ಯಾವ ಬಲವೂ ತಾಗುವುದಿಲ್ಲ. ಮಾಮೂಲಿ ನ್ಯೂಟ್ರಿನೊ ಜೊತೆ ಒಂಚೂರು ಬೆರಕೆ ಇರಬಹುದು, ಅಷ್ಟೇ. ಆ ಬೆರಕೆಯಿಂದಲೇ ಅದು ಬಹಳ ನಿಧಾನಕ್ಕೆ ಒಡೆದು ಎಕ್ಸ್-ರೇ ಕೊಡಬೇಕು. ಗೆಲಾಕ್ಸಿಗಳಲ್ಲಿ ಹುಡುಕುತ್ತಿರುವುದೂ ಅದನ್ನೇ. ಒಳ್ಳೇ ಬಂಜೆ!

ನನ್ನ ಓಟು ‘ಗೊಡ್ಡು ನ್ಯೂಟ್ರಿನೊ’ಗೆ. ಗೊಡ್ಡು ಸಾರು ಅನ್ನುತ್ತೇವಲ್ಲ, ಬೇಳೆ ಹಾಕದ್ದು. ಸಾರೇ, ಆದರೆ ಒಂದು ಸಾಮಾನು ಇಲ್ಲ. ಇದೂ ಹಾಗೇ. ಗೊಡ್ಡು ಹಸು ಅಂತಲೂ ಇದೆ, ಗೊತ್ತು. ನನಗೆ ಮೊದಲು ನೆನಪಾಗುವುದು ಸಾರು.

ಇನ್ನೊಬ್ಬರ ಸಲಹೆ:

> ನ್ಯೂಟ್ರಿನೊ ಪರಕೀಯ. ‘ಅಲಿಪ್ತಾಣುಕ’ ಎನ್ನಿ. ಆಕ್ಸಿಯಾನ್ = ಅಕ್ಷಕಣ.

ಸಂಸ್ಕೃತ ಯಾವಾಗಿಂದ ಸ್ವಕೀಯವಾಯಿತು ಸ್ವಾಮಿ? 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗಿಂತ ಜಾಸ್ತಿ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತ್ತು. ಇಷ್ಟು ವರ್ಷದಿಂದ ಇಲ್ಲೇ ಇರುವ ಪದಕ್ಕೆ ಇನ್ಯಾವ ರೇಷನ್ ಕಾರ್ಡ್ ಬೇಕು?

ಆಕ್ಸಿಯಾನ್ ಬಂದದ್ದು ಬಟ್ಟೆ ಒಗೆಯುವ ಪುಡಿಯಿಂದ. ಪ್ರಬಲ ಬಲದ (ಪರಮಾಣುವಿನ ಬೀಜವನ್ನು ಹಿಡಿದಿಡುವ ಬಲ) ಸಿದ್ಧಾಂತಕ್ಕೆ ಅಂಟಿದ್ದ ಒಂದು ಕಲೆಯನ್ನು ಈ ಕಣ ತೊಳೆಯುತ್ತದೆ ಅಂತ ಭೌತವಿಜ್ಞಾನಿ ಫ್ರಾಂಕ್ ವಿಲ್ಚೆಕ್ ಆ ಬ್ರ್ಯಾಂಡಿನ ಹೆಸರನ್ನೇ ಇಟ್ಟರು. ಆಕ್ಸಿಯಲ್ (ಅಕ್ಷಕ್ಕೆ ಸೇರಿದ) ಅನ್ನುವ ಪದದ ನೆರಳೂ ಅದರಲ್ಲಿದೆ, ಒಪ್ಪಿದೆ. ಆದರೂ ಅದನ್ನು ಅಕ್ಷಕಣ ಮಾಡುವುದು ಅಂಗಡಿಗೆ ಹೋಗಿ ನಿರ್ಮಾ ಬದಲು ‘ನಿರ್ಮಲಚೂರ್ಣ’ ಕೊಡಿ ಅಂದ ಹಾಗೆ. ಆಕ್ಸಿಯಾನ್ ಅಂತಲೇ ಬರೆಯಿರಿ.

ವಿಂಪ್ ಕೂಡ ಹಾಗೇ ಇರಲಿ. ಅದು Weakly Interacting Massive Particle (ದುರ್ಬಲವಾಗಿ ವರ್ತಿಸುವ ಭಾರದ ಕಣ) ಅನ್ನುವುದರ ಮೊದಲಕ್ಷರ ಕೂಡಿಸಿ ಕಟ್ಟಿದ ಹೆಸರು, ಜೊತೆಗೆ ಇಂಗ್ಲಿಷಿನಲ್ಲಿ ಪುಕ್ಕಲ ಅಂತ ಅರ್ಥ. ಅದನ್ನು ಅಣಕಿಸಲೆಂದೇ, ಡಾರ್ಕ್ ಮ್ಯಾಟರ್ ಅಂಥ ಕಣವಲ್ಲ ಅನ್ನುವ ಇನ್ನೊಂದು ಪಾರ್ಟಿ, ಬೆಳಕಿಲ್ಲದ ಭಾರಿ ಆಕಾಶಕಾಯಗಳಿಗೆ, ಮ್ಯಾಚೊ (ಗಂಡುಗಲಿ) ಅಂತ ಹೆಸರಿಟ್ಟಿತು. ಜಾಗ ಉಳಿದರೆ ಒಂದು ಮೂಲೆಯಲ್ಲಿ ‘ಪುಕ್ಕಲನೋ ಗಂಡುಗಲಿಯೋ?’ ಅಂತ ಚಿತ್ರ ಹಾಕಿ, ಮಕ್ಕಳು ನಗುತ್ತಾರೆ.

ಪ್ರಿಂಟಿಗೆ ಕೊಡುವ ಮುಂಚೆ ನ್ಯೂಟ್ರಿನೊ, ನ್ಯೂಟ್ರಿನೋ ಯಾವುದಾದರೂ ಒಂದಕ್ಕೆ ನಿಲ್ಲಿ. ನಿಮ್ಮ ಮೇಲ್‌ನಲ್ಲಿ ಎರಡೂ ಇವೆ.