ಅವಧಿ ಮುಗಿಯದ ಕಾರ್ಡು

“ಕಾರ್ಡಿನ ಮೇಲೆ ಅವಧಿ ಮುಗಿಯುವ ದಿನಾಂಕವೇ ಇಲ್ಲ, ಬೇಕಾದರೆ ನೀವೇ ನೋಡಿ” ಎಂದು ಪೂರ್ಣೇಶ ಗೌಡರು ತಮ್ಮ ಸ್ಕೂಬಾ ಕಾರ್ಡನ್ನು ಮೇಜಿನ ಮೇಲೆ, ಸಾಂಬಾರಿನ ಬಟ್ಟಲಿಗೆ ತಾಗದಂತೆ ಇಟ್ಟರು. ಕೋವಿಡ್‌ಗೆ ಮೊದಲು ಮಗಳ ಜೊತೆಯಲ್ಲಿ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗಿ, ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಡಿಗೆ ಇಳಿಯಲು ಕಲಿತು ಸಂಪಾದಿಸಿದ ಕಾರ್ಡು ಅದು. ಅಂದಿನಿಂದ ಅದು ಕಂಡ ನೀರೆಂದರೆ, ಪ್ಯಾಂಟಿನ ಜೇಬಿನಲ್ಲಿ ಮರೆತುಹೋಗಿ ವಾಷಿಂಗ್ ಮಷೀನಿನೊಳಗೆ ಕಂಡದ್ದು ಮಾತ್ರ. ಈಗ ಮಗಳು ಬಸುರಿ. ಬಸುರಿಯರು ಡೈವ್ ಮಾಡುವಂತಿಲ್ಲವಾದ್ದರಿಂದ ಅಳಿಯ ಮುಂದೆ ಬಂದು, ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗೋಣ ಮಾವ ಎಂದಿದ್ದಾನೆ. ಗೌಡರು ಫೋನ್ ಮಾಡಿದಾಗ ಡೈವ್ ಮಾಡಿಸುವವರು ಕಾರ್ಡಿನ ಸಂಖ್ಯೆಯನ್ನು ಕೇಳುವ ಮೊದಲು ಕೊನೆಯ ಡೈವ್ ಯಾವಾಗ ಎಂದು ಕೇಳಿದರಂತೆ, ಉತ್ತರ ಕೇಳಿದ ಮೇಲೆ ಮೊದಲು ರಿಫ್ರೆಶರ್, ಅಂದರೆ ಮರುತರಬೇತಿ, ಮಾಡಿಕೊಳ್ಳಿ ಎಂದರಂತೆ. ಗೌಡರಿಗೆ ಅದು ಅವಮಾನವಾಗಿ ಕಂಡಿತ್ತು.

“ಕಾರ್ಡಿಗೆ ಅವಧಿ ಇಲ್ಲವೆಂಬುದನ್ನು ನಾನು ಒಪ್ಪುತ್ತೇನೆ ಗೌಡರೇ,” ಎಂದರು ಸುಬ್ಬರಾಯರು. “ನೀರಿಗೆ ಇಳಿಯುವುದು ಕಾರ್ಡೋ ನೀವೋ ಎಂಬುದಷ್ಟೇ ತೀರ್ಮಾನವಾಗಬೇಕು. ಇದರ ಫೋಟೋದಲ್ಲಿರುವ ಮನುಷ್ಯನಿಗೆ ತಲೆತುಂಬ ಕೂದಲಿದೆ. ಅವನು ಬಂದರೆ ರಿಫ್ರೆಶರ್ ಇಲ್ಲದೆಯೇ ಇಳಿಯಲಿ, ನನ್ನ ಅಡ್ಡಿಯಿಲ್ಲ.”

ರಾಯರಿಗೆ ಮೊದಲಿನಿಂದಲೂ ಈ ಬಗೆಯ ಕಾರ್ಡುಗಳನ್ನು ಕಂಡರಾಗದು. ಜನರು ಒಂದು ವಾರಾಂತ್ಯದಲ್ಲಿ ಏನನ್ನಾದರೂ ಕಲಿತು, ಮುಂದಿನ ವಾರಾಂತ್ಯದೊಳಗೆ ಅದನ್ನು ಮರೆತು, ಕಲಿತದ್ದಕ್ಕೆ ಕೊಟ್ಟ ಪತ್ರವನ್ನು ಮಾತ್ರ ಜೀವಮಾನವಿಡೀ ಜೋಪಾನ ಮಾಡುತ್ತಾರೆಂಬುದು ಅವರ ದೂರು. ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿ ಹುಟ್ಟಿ, ಹಾಲುಹಲ್ಲು ಬೀಳುವ ಮೊದಲೇ ಕಾಫಿ ಕುಡಿಯಲು ಕಲಿತ ಹುಡುಗನೊಬ್ಬ ಈಗ ಕಾಫಿಯ ರುಚಿ ನೋಡುವ ತರಬೇತಿಗೆ ಹೋಗಿ ಬಂದು ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುವುದನ್ನು ಅವರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ.

“ಹಾಗಾದರೆ ರಿಫ್ರೆಶರ್ ಬೇಡವೆನ್ನಿ” ಎಂದರು ನಾಗವೇಣಿ ಟೀಚರ್. “ನಮ್ಮ ಇಲಾಖೆಯ ಪುನಶ್ಚೇತನ ತರಬೇತಿಗಳಿಗೆ ನಾನೆಷ್ಟು ಹೋಗಿಲ್ಲ! ಒಂದು ವರ್ಷ ಕಲಿಸಿದ್ದನ್ನು ಇನ್ನು ಮುಂದೆ ಪಾಲಿಸಬಾರದೆಂದು ಮರುವರ್ಷ ಕಲಿಸುತ್ತಿದ್ದರು.”

“ನಾನು ಪತ್ರ ಬೇಡವೆಂದೆ ಟೀಚರ್, ಪರೀಕ್ಷೆ ಬೇಡವೆನ್ನಲಿಲ್ಲ.”

ಗೌಡರು ಆಗ ತಮ್ಮ ಮುಖ್ಯ ವಾದವನ್ನು ಹೊರತೆಗೆದರು. ಬಾಳೆಹೊನ್ನೂರಿನ ಭದ್ರೆಯಲ್ಲಿ ಈಜಿ ಬೆಳೆದವರಿಗೆ ನೀರಿನ ವಿಷಯವನ್ನು ಮತ್ತೊಬ್ಬರು ಹೇಳಿಕೊಡಬೇಕೆ ಎಂಬುದು ಆ ವಾದ. ಮುಳುಗಿ ಉಸಿರು ಬಿಗಿಹಿಡಿಯುವ ಪಂದ್ಯದಲ್ಲಿ ತಮ್ಮನ್ನು ಸೋಲಿಸಿದವರು ಇಡೀ ಹೋಬಳಿಯಲ್ಲಿ ಇರಲಿಲ್ಲವೆಂದು ಅವರು ಎದೆಯುಬ್ಬಿಸಿ ಹೇಳಿದರು.

“ಅಲ್ಲಿಯೇ ಇರುವುದು ಅಪಾಯ,” ಎಂದರು ರಾಯರು. ಅವರು ಮೊಣಕಾಲಿಗಿಂತ ಆಳದ ನೀರಿಗೆ ಇಳಿದವರಲ್ಲ. ಆದರೆ ಗೌಡರ ಅಂಡಮಾನಿನ ಪಠ್ಯಪುಸ್ತಕವನ್ನು ಓದುತ್ತೇನೆಂದು ಒಯ್ದು ಹಿಂದಿರುಗಿಸದೆ ಇಟ್ಟುಕೊಂಡಿರುವುದರಿಂದ, ಸ್ಕೂಬಾ ಕುರಿತ ನಮ್ಮೂರಿನ ವಿದ್ಯೆಯೆಲ್ಲ ಸದ್ಯಕ್ಕೆ ಅವರ ಮನೆಯಲ್ಲಿದೆ. “ನದಿಯಲ್ಲಿ ಮುಳುಗುವವನು ಮೇಲಿನಿಂದಲೇ ಗಾಳಿಯನ್ನು ತುಂಬಿಕೊಂಡು ಹೋಗುತ್ತಾನೆ. ಸಮುದ್ರದಲ್ಲಿ ಹತ್ತು ಮೀಟರ್ ಕೆಳಗೆ ಒತ್ತಡವು ನೀರಿನ ಮೇಲಿನದರ ಎರಡರಷ್ಟು, ಸಿಲಿಂಡರಿನಿಂದ ನೀವು ಅಲ್ಲಿ ಎಳೆದುಕೊಳ್ಳುವ ಗಾಳಿಯೂ ಆ ಒತ್ತಡದ್ದೇ. ನಿಮ್ಮ ಭದ್ರೆಯ ಅಭ್ಯಾಸದಂತೆ ಅದನ್ನು ಬಿಗಿಹಿಡಿದುಕೊಂಡು ಮೇಲೆ ಬಂದಿರೋ, ಗಾಳಿ ಹಿಗ್ಗಿ ಎರಡರಷ್ಟಾಗುತ್ತದೆ, ಶ್ವಾಸಕೋಶ ಹಿಗ್ಗಲು ಒಪ್ಪುವುದಿಲ್ಲ. ಉಸಿರನ್ನು ಎಂದಿಗೂ ಕಟ್ಟಬೇಡಿ ಎಂಬುದೇ ಆ ಪುಸ್ತಕದ ಮೊದಲನೆಯ ನಿಯಮ. ನೀವು ಹೋಬಳಿಗೆ ಮೊದಲಿಗರಾದ ವಿದ್ಯೆಯೊಂದೇ ಅಲ್ಲಿ ನಿಷಿದ್ಧ.”

ಗೌಡರು ಇಡ್ಲಿಯ ಕಡೆಗೆ ಗಮನ ಹರಿಸಿದರು.

ಟೀಚರ್ ರಿಫ್ರೆಶರಿನಲ್ಲಿ ಏನೇನು ಮಾಡಿಸುತ್ತಾರೆಂದು ಕೇಳಿದರು. ಹೆಚ್ಚೇನಿಲ್ಲ, ಅರ್ಧ ದಿನದ ಕೆಲಸ: ಸ್ವಲ್ಪ ಪಾಠ, ಸಿಲಿಂಡರಿಗೆ ಉಸಿರೆಳೆದುಕೊಳ್ಳುವ ರೆಗ್ಯುಲೇಟರನ್ನೂ ಗಾಳಿಯ ಜಾಕೆಟ್ಟನ್ನೂ ತಾನೇ ಜೋಡಿಸುವುದು, ಜೊತೆಗಾರನ ಸಲಕರಣೆಯನ್ನು ಪರೀಕ್ಷಿಸುವುದು, ಈಜುಕೊಳದ ತಳದಲ್ಲಿ ಬಾಯಿಂದ ಕಳಚಿದ ರೆಗ್ಯುಲೇಟರನ್ನು ತಡಕಿ ಮತ್ತೆ ಕಚ್ಚಿಕೊಳ್ಳುವುದು, ಅತ್ತ ಮುಳುಗದೆ ಇತ್ತ ತೇಲದೆ ನಡುನೀರಿನಲ್ಲಿ ನಿಲ್ಲುವುದು. ಇದನ್ನೆಲ್ಲ ಗೌಡರೇ ಬೆರಳು ಮಡಿಸಿ ಹೇಳಿ, ಕೊನೆಗೆ ಮಾಸ್ಕಿನ ವಿಷಯಕ್ಕೆ ಬಂದಾಗ ಧ್ವನಿಯನ್ನು ತಗ್ಗಿಸಿದರು. ನೀರಿನಡಿಯಲ್ಲಿ ಮಾಸ್ಕನ್ನು ತೆಗೆದು, ಕಣ್ಣುಮುಚ್ಚಿಕೊಂಡು ಮತ್ತೆ ಹಾಕಿಕೊಂಡು, ಮೂಗಿನಿಂದ ಗಾಳಿಯೂದಿ ಒಳಗಿನ ನೀರನ್ನು ಹೊರಹಾಕಬೇಕು. ಹ್ಯಾವ್‌ಲಾಕಿನಲ್ಲಿ ಅದು ಅವರಿಗೆ ಮೊದಲ ಸಲಕ್ಕೆ ಒಲಿದಿರಲಿಲ್ಲ, ಎರಡನೆಯ ಸಲಕ್ಕೂ ಇಲ್ಲ. ಮಗಳು ಎದುರಿಗೆ ಮಂಡಿಯೂರಿ, ಅವರ ಎರಡೂ ಕೈಗಳನ್ನು ಹಿಡಿದುಕೊಂಡು ಕುಳಿತ ಮೇಲೆಯೇ ಒಲಿದದ್ದು. ಅಳಿಯನ ಕೈ ಹಿಡಿದುಕೊಂಡು ಕೂರುವುದು ಹೇಗೆ?

“ಅದಲ್ಲದೆ, ಗೇಜನ್ನು ಈಗ ಓದಲಾಗುವುದಿಲ್ಲ,” ಎಂದು ಸೇರಿಸಿದರು ಗೌಡರು. “ಚಾಳೀಸು ಬಂದಿದೆ.”

ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿಸಿಕೊಂಡು ಇಳಿದವರು 50 ಬಾರ್ ಉಳಿದಿರುವಾಗಲೇ ಮೇಲಕ್ಕೆ ಬಂದಿರಬೇಕು; ಈ ಲೆಕ್ಕವನ್ನು ತೋರಿಸುವ ಮುಳ್ಳೇ ಮಸುಕಾಗಿ ಕಂಡರೆ ಕಾರ್ಡು ಮಾಡುವುದೇನು? ಮಾಸ್ಕಿನೊಳಗೆ ಓದುವ ಮಸೂರವನ್ನು ಅಂಟಿಸಿಕೊಳ್ಳಬಹುದು ಎಂದು ರಾಯರು ಪುಸ್ತಕಾಧಾರದಿಂದ ಸಮಾಧಾನ ಹೇಳಿದರು. ಅದೇ ಪುಸ್ತಕಾಧಾರದಿಂದ, ನಲವತ್ತೈದು ದಾಟಿದವರ ಆರೋಗ್ಯದ ಅರ್ಜಿಯಲ್ಲಿ ಬೇರೆಯದೇ ಪ್ರಶ್ನೆಗಳಿರುತ್ತವೆಂದೂ, ಬಿ.ಪಿ. ಮಾತ್ರೆಯನ್ನು ಮುಚ್ಚಿಡದೆ ಡಾಕ್ಟರ ಸಹಿ ತರಬೇಕೆಂದೂ ಸಮಾಧಾನವನ್ನು ಕೆಡಿಸಿದರು.

“ಕಾರ್ಡನ್ನೇ ತೋರಿಸದೆ, ಏನೂ ಬಾರದವರ ಸಾಲಿನಲ್ಲಿ ನಿಂತರಾಯಿತಲ್ಲ” ಎಂದರು ಟೀಚರ್. ನೇತ್ರಾಣಿಗೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಹಾಗೆಯೇ ಇಳಿಯುತ್ತಾರೆ. ಬೋಧಕನೇ ಹಿಂದಿನಿಂದ ಹಿಡಿದು, ಮೀನು ತೋರಿಸಿ, ವಿಡಿಯೋ ಮಾಡಿಸಿ ಮೇಲಕ್ಕೆ ತರುತ್ತಾನೆ.

“ಆ ವಿಡಿಯೋಗಳನ್ನು ನಾನು ನೋಡಿದ್ದೇನೆ,” ಎಂದರು ರಾಯರು. “ಎಲ್ಲರೂ ಚೆನ್ನಾಗಿದ್ದೇವೆಂದು ಹೆಬ್ಬೆರಳನ್ನು ಎತ್ತಿ ತೋರಿಸುತ್ತಾರೆ. ನೀರಿನಡಿಯಲ್ಲಿ ಹೆಬ್ಬೆರಳೆತ್ತಿದರೆ ಮೇಲಕ್ಕೆ ಹೋಗೋಣವೆಂದು ಅರ್ಥ. ಕೊಟ್ಟ ಹಣಕ್ಕೆ ಅಷ್ಟು ಬೇಗ ಮೇಲೆ ಬರಲು ಆತುರಪಡುವವರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.”

ಗೌಡರು ಮಾತ್ರ, ಕಾರ್ಡು ಇದ್ದೂ ಹಾಗೆ ಹಿಡಿಸಿಕೊಂಡು ಹೋಗಲಾರೆನೆಂದು ಹಟ ಹಿಡಿದರು. ಉಸಿರಾಡಲು ಬರುತ್ತದೆಯೇ ಎಂದು ಈ ವಯಸ್ಸಿನಲ್ಲಿ ಇನ್ನೊಬ್ಬರ ಮುಂದೆ ಪರೀಕ್ಷೆ ಕೊಡುವುದೂ ಅವರಿಗೆ ಬೇಡವಾಗಿತ್ತು.

“ನಾನು ಪ್ರತಿ ನವೆಂಬರಿನಲ್ಲಿ ಕೊಡುತ್ತೇನಲ್ಲ!” ಎಂದರು ರಾಯರು. “ನಾನು ಉಸಿರಾಡುತ್ತಿದ್ದೇನೆಂಬುದಕ್ಕೆ ಜೀವನ ಪ್ರಮಾಣ ಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಕಳೆದ ವರ್ಷ ಬದುಕಿದ್ದೆನೆಂಬ ಕಾಗದವಿದೆ ಸ್ವಾಮಿ, ಅದರ ಮೇಲೆ ಅವಧಿ ಮುಗಿಯುವ ದಿನಾಂಕವಿಲ್ಲ ಎಂದು ನಾನು ವಾದಿಸಿದರೆ ಬ್ಯಾಂಕಿನವರು ಕೇಳುತ್ತಾರೆಯೇ? ನೆಲದ ಮೇಲೆ ಉಸಿರಾಡುವುದಕ್ಕೆ ಸರ್ಕಾರ ವರ್ಷಕ್ಕೊಮ್ಮೆ ರಿಫ್ರೆಶರ್ ಮಾಡಿಸುತ್ತದೆ. ನೀರಿನ ಕೆಳಗೆ ಉಸಿರಾಡುವುದಕ್ಕೆ ಇಷ್ಟು ವರ್ಷಗಳ ಮೇಲೆ ಒಮ್ಮೆ ಕೇಳಿದರೆ ನಿಮಗೆ ಮುನಿಸು.”

ಆಮೇಲೆ ಮಾತು ಸ್ವಲ್ಪ ಹೊತ್ತು ನವೆಂಬರಿನಲ್ಲಿಯೇ ಉಳಿಯಿತು. ರಾಯರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದಾಗ ಈ ಪತ್ರಗಳಿಗೆ ತಾವೇ ಸಹಿ ಹಾಕುತ್ತಿದ್ದವರು. ಕೊಪ್ಪದ ಕಡೆಯ ವೃದ್ಧರೊಬ್ಬರು ಪ್ರತಿ ವರ್ಷವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಎದುರಿನ ಕುರ್ಚಿಯಲ್ಲಿ ಕುಳಿತು, “ಏನು ಮ್ಯಾನೇಜರೇ, ಈ ವರ್ಷ ಇದ್ದೇನೆಯೇ?” ಎಂದು ಕೇಳುತ್ತಿದ್ದರಂತೆ. ಇದ್ದೀರಿ ಎಂದು ರಾಯರು ಹೇಳಿ ಸಹಿ ಹಾಕಿ ಕಾಫಿ ತರಿಸುತ್ತಿದ್ದರು. ಈಗ ಫೋನಿಗೆ ಮುಖ ತೋರಿಸಿದರೆ ಮನೆಯಲ್ಲಿಯೇ ಪತ್ರ ಸಿದ್ಧವಾಗುತ್ತದೆ, ಮತ್ತು ಅದು ಒಳ್ಳೆಯದೇ, ಮೆಟ್ಟಿಲು ಹತ್ತುವ ಕಷ್ಟ ತಪ್ಪಿತು. “ಆದರೆ ಇದ್ದೀರಿ ಎಂದು ಫೋನು ಬಾಯಿಬಿಟ್ಟು ಹೇಳುವುದಿಲ್ಲ ನೋಡಿ” ಎಂದು ರಾಯರು ಲೋಟವನ್ನು ತಿರುಗಿಸುತ್ತ ಕುಳಿತರು. ಟೀಚರ್ ಇನ್ನೊಂದು ಸುತ್ತು ಕಾಫಿಗೆ ಹೇಳಿದರು.

ಗೌಡರು ಅಲ್ಲಿಗೆ ಅರ್ಧ ಒಪ್ಪಿದ್ದರು. ಉಳಿದರ್ಧಕ್ಕೆ ಸಮಯದ ಅಡ್ಡಿಯಿತ್ತು. ಮಳೆಗಾಲದಲ್ಲಿ ತೋಟದವರಿಗೆ ಪುರುಸೊತ್ತು ಸಿಕ್ಕರೂ ಸಮುದ್ರ ಮುಚ್ಚಿರುತ್ತದೆ. ನೇತ್ರಾಣಿಯ ನೀರು ತಿಳಿಯಾಗುವ ಹೊತ್ತಿಗೆ ಇಲ್ಲಿ ಅರೇಬಿಕಾ ಕಾಫಿ ಹಣ್ಣಾಗಿರುತ್ತದೆ, ಅದು ಮುಗಿಯುತ್ತಲೇ ರೊಬಸ್ಟಾ, ರೊಬಸ್ಟಾ ಕಣದಲ್ಲಿರುವಾಗಲೇ ಗಿಡವನ್ನು ಅರಳಿಸುವ ಹೂಮಳೆಗೆ ಕಾಯುವ ಕಾಟ. ಇಷ್ಟು ವರ್ಷ ಡೈವ್ ತಪ್ಪಿದ್ದು ಅಂಜಿಕೆಯಿಂದಲ್ಲ, ಬೆಳೆಯಿಂದ ಎಂದು ಗೌಡರು ಒತ್ತಿ ಹೇಳಿದರು. ಆದ್ದರಿಂದ ಶುಕ್ರವಾರ ಬೆಳಿಗ್ಗೆ ರಿಫ್ರೆಶರ್, ಮಧ್ಯಾಹ್ನವೇ ಎರಡು ಡೈವ್, ರಾತ್ರಿ ಆಗುಂಬೆ ಹತ್ತಿ ಬಂದು ಶನಿವಾರದ ಬಟವಾಡೆಗೆ ಹಾಜರು ಎಂಬುದು ಅವರ ಯೋಜನೆ.

“ಇದಕ್ಕೇ ರಿಫ್ರೆಶರ್ ಬೇಕೆನ್ನುವುದು,” ಎಂದರು ರಾಯರು. “ಡೈವ್ ಮಾಡಿದ ಮೈಯಲ್ಲಿ ನೈಟ್ರೋಜನ್ ಕರಗಿ ಉಳಿದಿರುತ್ತದೆ, ಗಾಳಿಯ ಒತ್ತಡ ಕಡಿಮೆಯಾದ ಕಡೆಗೆ ಬೇಗನೆ ಹೋದರೆ ಅದು ಗುಳ್ಳೆಯಾಗಬಹುದು. ಒಂದೇ ಡೈವ್ ಆದರೆ ಹನ್ನೆರಡು ಗಂಟೆ, ಒಂದೇ ದಿನ ಒಂದಕ್ಕಿಂತ ಹೆಚ್ಚು ಸಲವೋ ಹಲವು ದಿನ ಮೇಲಿಂದ ಮೇಲೋ ಇಳಿದರೆ ಹದಿನೆಂಟು ಗಂಟೆಯಾದರೂ ವಿಮಾನ ಹತ್ತಬೇಡಿ ಎನ್ನುತ್ತಾರೆ. ಆರು ನೂರು ಮೀಟರಿಗಿಂತ ಎತ್ತರದ ಊರುಗಳನ್ನೂ ವಿಮಾನದ ಲೆಕ್ಕಕ್ಕೇ ಹಿಡಿಯುತ್ತಾರೆ. ಆಗುಂಬೆಯ ನೆತ್ತಿಯೇ ಅದಕ್ಕಿಂತ ಎತ್ತರ, ನಮ್ಮ ಚಿಕ್ಕಮಗಳೂರು ಸಾವಿರ ಮೀಟರಿಗೂ ಮೇಲೆ. ನೀವು ಘಾಟಿಯ ತಿರುವುಗಳಲ್ಲಿ ಕಾರಿನಲ್ಲಿ ಕುಳಿತು ಬರುವುದೂ ಒಂದು ವಿಮಾನಯಾನವೇ. ಬಟವಾಡೆಯನ್ನು ತೋಟದ ರೈಟರಿಗೆ ವಹಿಸಿ, ಸಮುದ್ರದ ದಂಡೆಯಲ್ಲಿ ಮಲಗಿದ್ದು ಭಾನುವಾರ ಬನ್ನಿ.”

ಬಟವಾಡೆಯನ್ನು ರೈಟರಿಗೆ ವಹಿಸುವುದು ಮಾಸ್ಕ್ ತೆಗೆಯುವುದಕ್ಕಿಂತಲೂ ಕಷ್ಟವೆಂಬ ಮುಖ ಮಾಡಿಕೊಂಡೇ ಗೌಡರು ಫೋನ್ ಹಚ್ಚಿ, ರಿಫ್ರೆಶರಿಗೆ ಹೆಸರು ಬರೆಸಿದರು. ಸಲಕರಣೆ ತೆಗೆದಿಡುವುದಕ್ಕಾಗಿ ಅತ್ತಲಿನವರು ಎತ್ತರ, ಪಾದದ ಅಳತೆ, ತೂಕ ಕೇಳಿದರು. ಗೌಡರು ಮೊದಲೆರಡನ್ನು ಸರಿಯಾಗಿ ಹೇಳಿ, ಮೂರನೆಯದಕ್ಕೆ ಎಪ್ಪತ್ತೆರಡು ಕಿಲೋ ಎಂದರು.

“ಅದು ಕಾರ್ಡಿನಲ್ಲಿರುವವನ ತೂಕ!” ಎಂದು ರಾಯರು ಫೋನಿಗೆ ಕೇಳಿಸುವಂತೆಯೇ ಕೂಗಿದರು. “ಕೊಬ್ಬು ತೇಲುತ್ತದೆ, ಇವರನ್ನು ಮುಳುಗಿಸಲು ಸೊಂಟಕ್ಕೆ ಇನ್ನೂ ಎರಡು ತುಂಡು ಸೀಸ ಹೆಚ್ಚಿಗೆ ಕಟ್ಟಬೇಕಾದೀತು ಎಂದು ಬರೆದುಕೊಳ್ಳಿ.”

ಗೌಡರು ಫೋನನ್ನು ಕೈಯಿಂದ ಮುಚ್ಚಿ, ಎಂಬತ್ತೈದೋ ಎಂಬತ್ತಾರೋ ಎಂದು ಟೀಚರನ್ನು ಪಿಸುಮಾತಿನಲ್ಲಿ ಕೇಳಿದರು.