ಡಬ್ಬದ ಮುಚ್ಚಳ ಬಿಗಿ ಇದೆಯಾ ಅಂತ ನೋಡೋದು ಹೇಗೆ? ಮನೆಗೇ ಬಂದು ಮಾರೋ ಪದ್ಧತಿ ಎಲ್ಲಿಂದ ಬಂತು?

ಶ್ರೀನಿವಾಸಪುರ_ಮಾವು:

ಮುಂದಿನ ಭಾನುವಾರ ನಮ್ಮ ಸಂಘದ ಸಭೆಗೆ ಪ್ಲಾಸ್ಟಿಕ್ ಡಬ್ಬ ತೋರಿಸಿ ಮಾರೋರು ಬರ್ತಾರೆ. ಹದಿನೈದು ಹದಿನಾರು ಜನ ಹೆಂಗಸರು ಸೇರ್ತೀವಿ. ಅಂಗಡಿ ಡಬ್ಬಕ್ಕಿಂತ ಮೂರು ನಾಲ್ಕು ಪಟ್ಟು ಬೆಲೆ. "ಗಾಳಿ ಆಡಲ್ಲ, ಒಳಗಿಟ್ಟಿದ್ದು ಕೆಡಲ್ಲ" ಅಂತಾರೆ. ಕೊಳ್ಳೋ ಮುಂಚೆ ಅಲ್ಲೇ ಕೂತು ಪರೀಕ್ಷೆ ಮಾಡೋಕೆ ಏನಾದ್ರೂ ದಾರಿ ಇದೆಯಾ? ರಾಗಿ ಹಿಟ್ಟು, ಹಿದುಕಿದ ಅವರೆಬೇಳೆ, ಹುಣಸೆಹಣ್ಣು, ದೋಸೆ ಹಿಟ್ಟು ಇಡೋದಕ್ಕೆ ಬೇಕು. ಇನ್ನೊಂದು, ಅಂಗಡಿ ಬಿಟ್ಟು ಮನೆಯಲ್ಲಿ ಜನ ಸೇರಿಸಿ ಮಾರೋದು ಹೇಗೆ ಶುರುವಾಯ್ತು? "ನೀವೂ ಸೇರ್ಕೊಳ್ಳಿ, ನಿಮ್ಮ ಕೆಳಗೆ ಹತ್ತು ಜನರನ್ನ ಸೇರಿಸಿ" ಅಂತಲೂ ಹೇಳ್ತಾರಂತೆ. ತಿಳಿದೋರು ಬರೀರಿ.

ಅಂತರಗಂಗೆ:

ಇತಿಹಾಸ ಮೊದಲು ಹೇಳ್ತೀನಿ ಅಕ್ಕ. ಪರೀಕ್ಷೆ ಮಾಡೋ ದಾರಿ ಅದರೊಳಗೇ ಇದೆ.

1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ ಐಸಿಐ ಕಂಪನಿಯ ರೆಜಿನಾಲ್ಡ್ ಗಿಬ್ಸನ್, ಎರಿಕ್ ಫಾಸೆಟ್ ಎಥಿಲೀನ್ ಅನಿಲದ ಮೇಲೆ ವಿಪರೀತ ಒತ್ತಡ ಹಾಕಿ ಪ್ರಯೋಗ ಮಾಡ್ತಿದ್ದಾಗ ಪಾತ್ರೆಯಲ್ಲಿ ಮೇಣದಂಥ ಬಿಳಿ ವಸ್ತು ಉಳಿಯಿತು. ಅದೇ ಪಾಲಿಥೀನ್. ಯುದ್ಧದ ಕಾಲದಲ್ಲಿ ಅದು ರೇಡಾರ್ ತಂತಿಗಳ ಹೊದಿಕೆಗೆ ಹೋಯ್ತು. ಅಡುಗೆಮನೆಗೆ ತಂದವನು ಅಮೆರಿಕದ ಅರ್ಲ್ ಟಪ್ಪರ್. 1907ರಲ್ಲಿ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಹುಟ್ಟಿದ ಈತ ಮರಗಿಡಗಳ ಆರೈಕೆಯ ವ್ಯಾಪಾರದಲ್ಲಿ ದಿವಾಳಿಯಾಗಿ, ಡ್ಯೂಪಾಂಟ್ ಕಂಪನಿಯ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕೆಲಸ ಕಲಿತು, 1938ರಲ್ಲಿ ಸ್ವಂತ ಕಂಪನಿ ಮಾಡಿದ. ಕಪ್ಪಗೆ, ನಾತ ಹೊಡೀತಿದ್ದ ಪಾಲಿಥೀನ್ ಗಸಿಯನ್ನು ಶುದ್ಧ ಮಾಡಿ, ಬಗ್ಗಿದರೂ ಮುರಿಯದ ಬಟ್ಟಲು ಅಚ್ಚು ಹಾಕಿದ. ಆದರೆ ಅವನ ನಿಜವಾದ ಕೊಡುಗೆ ಬಟ್ಟಲಲ್ಲ, ಮುಚ್ಚಳ. ಪೇಂಟ್ ಡಬ್ಬದ ಮುಚ್ಚಳವನ್ನು ಮಗುಚಿ ಹಾಕಿದ ಹಾಗೆ ಅದರ ರಚನೆ. 1947ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ, 1949ರಲ್ಲಿ ಸಿಕ್ಕಿತು.

ಅಂಗಡಿಗೆ ಇಟ್ಟರೆ ಮಾರಾಟವೇ ಆಗಲಿಲ್ಲ. ಒಂದು, ಆಗಿನ ಪ್ಲಾಸ್ಟಿಕ್ ಅಂದ್ರೆ ವಾಸನೆ ಬರೋದು, ಪಟ್ಟಂತ ಒಡೆಯೋದು ಅಂತ ಜನಕ್ಕೆ ಗೊತ್ತಿತ್ತು. ಎರಡು, ಈ ಮುಚ್ಚಳ ಹಾಕೋದು ಯಾರಿಗೂ ತಿಳೀತಿರಲಿಲ್ಲ. ನಡುವೆ ಒತ್ತಬೇಕು, ಒತ್ತಿಕೊಂಡೇ ಅಂಚನ್ನು ಹೆಬ್ಬೆರಳಲ್ಲಿ ಕೂದಲೆಳೆಯಷ್ಟು ಎತ್ತಬೇಕು, ಒಳಗಿನ ಗಾಳಿ "ಪುಸ್" ಅಂತ ಹೋಗಬೇಕು, ಆಮೇಲೆ ಅಂಚು ಬಿಡಬೇಕು. ಇದನ್ನು ಪಕ್ಕದಲ್ಲಿ ನಿಂತು ತೋರಿಸೋರು ಬೇಕು. ಸ್ಟ್ಯಾನ್ಲಿ ಹೋಮ್ ಪ್ರಾಡಕ್ಟ್ಸ್ ಅನ್ನೋ ಕಂಪನಿಯವರು ಮೊದಲಿಂದಲೂ ಪೊರಕೆ, ಬ್ರಷ್‌ಗಳನ್ನು ಮನೆಮನೆಯಲ್ಲಿ ಜನ ಕೂಡಿಸಿ ತೋರಿಸಿ ಮಾರ್ತಿದ್ರು. ಆ ಪದ್ಧತಿ ಕಲಿತಿದ್ದ ಬ್ರೌನಿ ವೈಸ್ ಎಂಬಾಕೆ ಟಪ್ಪರ್‌ನ ಬಟ್ಟಲನ್ನು ಅದೇ ರೀತಿ ಮಾರಲು ಹೊರಟಳು. ದ್ರಾಕ್ಷಿ ರಸ ತುಂಬಿ ಮುಚ್ಚಳ ಹಾಕಿ, ಬಟ್ಟಲನ್ನು ಕೋಣೆಯ ಆ ಕಡೆಗೆ ಎಸೆದು ತೋರಿಸೋದು ಆಕೆಯ ಹೆಸರಾದ ಪ್ರಾತ್ಯಕ್ಷಿಕೆ. ಅಂಗಡಿಗಳಿಗಿಂತ ಇವರ ಆರ್ಡರೇ ಹೆಚ್ಚಾಗಿದ್ದು ಕಂಡು ಟಪ್ಪರ್ 1951ರಲ್ಲಿ ಮಾಲನ್ನು ಅಂಗಡಿಗಳಿಂದ ವಾಪಸ್ ತೆಗೆದು, ಮನೆ ಪಾರ್ಟಿ ಮಾರಾಟವನ್ನು ಪೂರ್ತಿ ಆಕೆಗೆ ಒಪ್ಪಿಸಿದ. 1954ರಲ್ಲಿ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟದಲ್ಲಿ ಬಂದ ಮೊದಲ ಹೆಂಗಸು ಆಕೆ. 1958ರಲ್ಲಿ ಅದೇ ಟಪ್ಪರ್ ಆಕೆಯನ್ನು ಕೆಲಸದಿಂದ ತೆಗೆದ, ಅದೇ ವರ್ಷ ಕಂಪನಿಯನ್ನು ರೆಕ್ಸಾಲ್ ಅನ್ನೋ ಔಷಧ ಕಂಪನಿಗೆ 1.6 ಕೋಟಿ ಡಾಲರ್‌ಗೆ ಮಾರಿದ. ವೈಸ್ ಕೈಗೆ ಬಂದಿದ್ದು ಹೆಚ್ಚುಕಡಿಮೆ ಒಂದು ವರ್ಷದ ಸಂಬಳ. ಇದು ದೊಡ್ಡ ಅನ್ಯಾಯ ಅಂತ ನನಗನ್ನಿಸುತ್ತೆ. ಮುಚ್ಚಳ ಅವನದಾದರೂ ಅದನ್ನು ಮನೆಮನೆಗೆ ಮುಟ್ಟಿಸಿದ್ದು ಆಕೆ.

ನಮ್ಮ ದೇಶಕ್ಕೆ ಟಪ್ಪರ್‌ನ ಆ ಕಂಪನಿ, ಅಂದ್ರೆ ಟಪ್ಪರ್‌ವೇರ್, ಬಂದಿದ್ದು 1996ರಲ್ಲಿ. ಅಮೆರಿಕದ ಮೂಲ ಕಂಪನಿ 2024ರ ಸೆಪ್ಟೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಡಬ್ಬ ಪಾರ್ಟಿ ಅನ್ನೋದು ಈಗ ಎಷ್ಟೋ ಕಂಪನಿಗಳ ಪದ್ಧತಿ. ನಿಮ್ಮಲ್ಲಿಗೆ ಬರೋರು ಯಾವ ಕಂಪನಿಯವರೇ ಆಗಿರಲಿ, ಡಬ್ಬವನ್ನು ನಿಮ್ಮ ಕೈಗೆ ಕೊಟ್ಟು, ನೀವೇ ಹಾಕಿ ತೆಗೆಯೋಕೆ ಬಿಡಬೇಕು. ಆ ಪಾರ್ಟಿ ಹುಟ್ಟಿದ್ದೇ ಅದಕ್ಕೆ.

ವಸಂತನರಸಾಪುರ_ಮೋಲ್ಡಿಂಗ್:

ಪರೀಕ್ಷೆ ವಿಷಯ ನಾನು ಹೇಳ್ತೀನಿ. ಒಂದು ಹಳೇ ದಿನಪತ್ರಿಕೆ, ಒಂದು ಚೊಂಬು ತಣ್ಣೀರು ಇದ್ದರೆ ಸಾಕು.

ಮೊದಲು ಡಬ್ಬದ ಬಾಯಿಯ ಸುತ್ತ ಉಗುರು ಆಡಿಸಿ. ಎರಡು ಅಚ್ಚು ಕೂಡುವ ಕಡೆ ಸಣ್ಣ ಗೆರೆ ಇರುತ್ತೆ. ಉಗುರಿಗೆ ತಡೆಯೋ ಹಾಗೆ ಎದ್ದಿದ್ದರೆ ಅಲ್ಲಿ ಮುಚ್ಚಳ ಪೂರ್ತಿ ಕೂರಲ್ಲ. ಆಮೇಲೆ ಬೆರಳಗಲದ ಪತ್ರಿಕೆ ಪಟ್ಟಿಯನ್ನು ಬಾಯಿ ಮೇಲಿಟ್ಟು ಮುಚ್ಚಳ ಹಾಕಿ, ಪಟ್ಟಿ ಎಳೆಯಿರಿ. ಸುತ್ತ ನಾಲ್ಕು ಕಡೆ ಹೀಗೆ ಮಾಡಿ. ಮೂರು ಕಡೆ ಬಿಗಿಯಾಗಿದ್ದು ಒಂದು ಕಡೆ ಜಾರಿ ಬಂತು ಅಂದ್ರೆ ಮುಚ್ಚಳ ಸೊಟ್ಟಗಿದೆ. ಚೌಕ ಡಬ್ಬ ಆದರೆ ಮೂಲೆಗಿಂತ ಉದ್ದ ಬದಿಯ ನಡುಭಾಗ ನೋಡಿ, ಸಡಿಲ ಇರೋದು ಅಲ್ಲೇ. ಕೊನೆಗೆ ಮುಕ್ಕಾಲು ಡಬ್ಬ ತಣ್ಣೀರು ತುಂಬಿ, ಮುಚ್ಚಿ, ಒಣಗಿದ ಪತ್ರಿಕೆ ಮೇಲೆ ಬೋರಲು ಹಾಕಿ ಎರಡು ನಿಮಿಷ ಬಿಡಿ. ಒದ್ದೆ ಗುರುತು ಬಿತ್ತಾ ನೋಡಿ. ಬಿಸಿನೀರು ಹಾಕಬೇಡಿ. ಆವಿಯ ಒತ್ತಡಕ್ಕೆ ಒಳ್ಳೇ ಮುಚ್ಚಳವೂ ಏಳುತ್ತೆ.

ಕಡಿಮೆ ಬೆಲೆಯ ಮುಚ್ಚಳ ಯಾಕೆ ಸೊಟ್ಟ ಅಂದ್ರೆ, ಪಾಲಿಥೀನ್ ತಣ್ಣಗಾಗುವಾಗ ಶೇಕಡಾ 1.5ರಿಂದ 3ರಷ್ಟು ಕುಗ್ಗುತ್ತೆ. ಅಚ್ಚಿನೊಳಗೇ ತಣ್ಣಗಾಗಲು ಬಿಟ್ಟರೆ ಆಕಾರ ನಿಲ್ಲುತ್ತೆ. ಗಂಟೆಗೆ ಹೆಚ್ಚು ಪೀಸ್ ಬರಲಿ ಅಂತ ಬಿಸಿ ಇರುವಾಗಲೇ ಹೊರಗೆ ತೆಗೆದರೆ ಹೊರಗೆ ಬಂದು ಸೊಟ್ಟಗಾಗುತ್ತೆ. ಮೇಲಿನ ಹೊಳಪು ನೋಡಿದರೆ ಇದು ತಿಳಿಯಲ್ಲ, ಪತ್ರಿಕೆ ಪಟ್ಟಿಗೆ ತಿಳಿಯುತ್ತೆ.

ತಳ ತಿರುಗಿಸಿ ತ್ರಿಕೋನದೊಳಗಿನ ಅಂಕಿ ನೋಡಿ. 4 ಇದ್ದರೆ ಮೆತ್ತನೆ ಪಾಲಿಥೀನ್, ಸುಮಾರು 110 ಡಿಗ್ರಿಗೆ ಕರಗುತ್ತೆ, ಅದಕ್ಕೂ ಮುಂಚೆಯೇ ಮೆತ್ತಗಾಗುತ್ತೆ. 2 ಅಂದ್ರೆ ಗಟ್ಟಿ ಪಾಲಿಥೀನ್. 5 ಅಂದ್ರೆ ಪಿಪಿ (ಪಾಲಿಪ್ರೊಪಿಲೀನ್), ಕರಗೋದು 160 ಡಿಗ್ರಿ ದಾಟಿದ ಮೇಲೆ, ಬಿಸಿ ತಡೆಯುತ್ತೆ. ಆದರೆ ಪಿಪಿ ಫ್ರೀಜರ್‌ನಲ್ಲಿ ಬಿರುಸಾಗುತ್ತೆ, ಕೈಜಾರಿ ಬಿದ್ದರೆ ಸೀಳುತ್ತೆ. ಪಾಲಿಥೀನ್ ಆ ಚಳಿಯಲ್ಲೂ ಬಗ್ಗುತ್ತೆ. ಹಾಗಾಗಿ ಫ್ರೀಜರ್‌ಗೆ 4 ಅಥವಾ 2, ಬಿಸಿಗೆ 5. ಅಂಕಿಯೇ ಇಲ್ಲದ ಡಬ್ಬವನ್ನು ಆಹಾರಕ್ಕೆ ಕೊಳ್ಳಲೇಬೇಡಿ. ಆಹಾರಕ್ಕೆ ತಾಗುವ ಪಾಲಿಥೀನ್‌ಗೆ ಐಎಸ್ 10146, ಪಿಪಿಗೆ ಐಎಸ್ 10910 ಅನ್ನೋ ಭಾರತೀಯ ಮಾನಕಗಳಿವೆ. ಮಾರೋರನ್ನು ಅದರ ಬಗ್ಗೆ ಕೇಳಿ.

ಇನ್ನು "ಕೆಡಲ್ಲ" ಅನ್ನೋ ಮಾತು. ಪುಸ್ ಅಂತ ಗಾಳಿ ಹೋದರೂ ಒಳಗೆ ನಿರ್ವಾತ ಆಗಲ್ಲ. ಸ್ವಲ್ಪ ಗಾಳಿ ಕಡಿಮೆಯಾಗಿ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತೆ ಅಷ್ಟೆ. ತೇವ ಆಚೀಚೆ ಹೋಗೋದು ನಿಲ್ಲುತ್ತೆ. ಒಳಗೆ ಮೊದಲೇ ಇರೋ ಹುಳುವಿನ ಮೊಟ್ಟೆ, ಬೂಷ್ಟಿನ ಬೀಜಾಣು ಅದರಿಂದ ಸಾಯಲ್ಲ.

ಚಿಂತಾಮಣಿ_ಕಡಲೆಕಾಯಿ:

ಮೇಲಿನವರು ಹೇಳಿದ ಆ ಕೊನೇ ಮಾತು ರಾಗಿ ಹಿಟ್ಟಿಗೆ ಸರಿಯಾಗಿ ಹೊಂದುತ್ತೆ. ಮಿಲ್ಲಿಂದ ತಂದ ಹಿಟ್ಟು ಬಿಸಿ ಇರುತ್ತೆ. ಹಾಗೇ ಬಿಗಿ ಡಬ್ಬಕ್ಕೆ ಸುರಿದರೆ ಅದರ ಆವಿ ಮುಚ್ಚಳದ ಒಳಗೆ ಹನಿಯಾಗಿ ಹಿಟ್ಟಿನ ಮೇಲೇ ಬೀಳುತ್ತೆ. ಎರಡೇ ವಾರದಲ್ಲಿ ಗಂಟು, ಮುಗ್ಗಲು ವಾಸನೆ. ಬಟ್ಟೆ ಮೇಲೆ ತೆಳ್ಳಗೆ ಹರಡಿ, ಕೈ ಒಳಗೆ ಹಾಕಿದರೆ ತಣ್ಣಗೆ ಅನ್ನಿಸೋವರೆಗೆ ಬಿಡಿ, ರಾತ್ರಿಯೆಲ್ಲಾ ಬಿಟ್ಟರೆ ಒಳ್ಳೇದು. ಆಮೇಲೆ ತುಂಬಿ. 1 ಕೆಜಿ ಹಿಟ್ಟಿಗೆ ಹತ್ತಿರ ಹತ್ತಿರ 2 ಲೀಟರ್ ಜಾಗ ಬೇಕು, ಕುಟ್ಟಿ ತುಂಬಿದರೆ ಕಡಿಮೆ. 10 ಲೀಟರ್ ಡಬ್ಬದ ತಳದಲ್ಲಿ 1 ಕೆಜಿ ಇಟ್ಟರೆ ಉಳಿದಿದ್ದೆಲ್ಲಾ ಗಾಳಿಯೇ, ಬಿಗಿ ಮುಚ್ಚಳಕ್ಕೆ ದುಡ್ಡು ಕೊಟ್ಟು ಪ್ರಯೋಜನ ಇಲ್ಲ. ಹಳೇ ಹಿಟ್ಟಿನ ಮೇಲೆ ಹೊಸದು ಸುರಿಯಬೇಡಿ, ತಳದ ಹುಳು ಮೇಲಕ್ಕೆ ಬರುತ್ತೆ.

ಹಿದುಕಿದ ಬೇಳೆಯ ಮೇಲಿನ ನೀರು ಬಸಿದು, ಬಟ್ಟೆಯಲ್ಲಿ ಒತ್ತಿ, ಒಂದು ಸಾರಿಗೆ ಬೇಕಾದಷ್ಟನ್ನೇ ಒಂದು ಚಪ್ಪಟೆ ಡಬ್ಬಕ್ಕೆ ಹಾಕಿ ಫ್ರೀಜರ್‌ನಲ್ಲಿಡಿ. ಮೇಲೆ ಒಂದು ಸೆಂಟಿಮೀಟರ್ ಖಾಲಿ ಬಿಡಿ, ಹೆಪ್ಪುಗಟ್ಟುವಾಗ ನೀರಿನಂಶ ಹಿಗ್ಗುತ್ತೆ. ದೊಡ್ಡ ಡಬ್ಬದಲ್ಲಿಟ್ಟು ದಿನಾ ತೆಗೆದು ಇಟ್ಟರೆ ಮೇಲಿನ ಬೇಳೆ ಕರಗಿ ಕರಗಿ ಹುಳಿ ಬರುತ್ತೆ.

ದೋಸೆ ಹಿಟ್ಟನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಹುದುಗಿ ಬರೋವರೆಗೆ ಮುಚ್ಚಳ ಬಿಗಿ ಮಾಡಲೇಬೇಡಿ. ಹುದುಗುವಾಗ ಅನಿಲ ಬಂದು ಮುಚ್ಚಳ ಉಬ್ಬಿ ಹಾರುತ್ತೆ, ಹಿಟ್ಟು ಫ್ರಿಜ್ಜಿನ ತಟ್ಟೆಗೆಲ್ಲಾ. ಉಬ್ಬಿದ ಮೇಲೆ ಫ್ರಿಜ್ಜಿಗೆ ಇಟ್ಟು ಆಗ ಮುಚ್ಚಿ.

ಹುಣಸೆಹಣ್ಣು ಬೀಜ, ನಾರು ತೆಗೆದು ಉಪ್ಪು ಹಾಕಿ ಒಣಗಿಸಿದ್ದಾದರೆ 2 ಅಥವಾ 5ರ ಡಬ್ಬ ಸಾಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಉಪ್ಪು ಹುಳಿ ಸೇರಿ ಗುಳಿ ಬೀಳುತ್ತೆ. ಮಾವಿನಕಾಯಿ ಉಪ್ಪಿನಕಾಯಿಗೆ ಮಾತ್ರ ಇದ್ಯಾವುದೂ ಬೇಡ ಅಕ್ಕ, ಜಾಡಿಯೇ ಸರಿ. ಎಣ್ಣೆ ಮೆತ್ತನೆ ಪಾಲಿಥೀನ್ ಒಳಗೇ ಇಳಿಯುತ್ತೆ. ಡಬ್ಬ ಜಿಡ್ಡಾಗುತ್ತೆ, ಆ ಘಾಟು ಎಷ್ಟು ತೊಳೆದರೂ ಹೋಗಲ್ಲ.

ಶ್ರೀನಿವಾಸಪುರ_ಮಾವು:

ಎಷ್ಟು ವಿವರವಾಗಿ ಬರೆದಿದ್ದೀರಿ, ಎಲ್ಲರಿಗೂ ವಂದನೆ. ಸಭೆಗೆ ಹಳೇ ಡಬ್ಬಗಳನ್ನೂ ತರೋಕೆ ಹೇಳ್ತೀನಿ. ಮುಚ್ಚಳ ಸಡಿಲ ಆಗಿರೋದು ಬಹಳ ಇವೆ. ಸರಿ ಮಾಡಬಹುದಾ? ಸಾರು ಬಿಸಿ ಇದ್ದಾಗಲೇ ಮುಚ್ಚಿಟ್ಟರೆ ಮುಚ್ಚಳ ಒಳಗೆ ಎಳೆದುಕೊಂಡು ಬಿಚ್ಚೋಕೇ ಆಗಲ್ಲ, ಅದು ಯಾಕೆ?

ವಸಂತನರಸಾಪುರ_ಮೋಲ್ಡಿಂಗ್:

ಬಿಸಿ ಸಾರಿನ ಮೇಲಿರೋದು ಹೆಚ್ಚಿನದು ಆವಿ. ತಣ್ಣಗಾದಾಗ ಅದು ನೀರಾಗಿ ಕೆಳಗಿಳಿಯುತ್ತೆ, ಒಳಗಿನ ಒತ್ತಡ ಬೀಳುತ್ತೆ, ಹೊರಗಿನ ಗಾಳಿ ಮುಚ್ಚಳವನ್ನು ಒಳಕ್ಕೆ ತಳ್ಳುತ್ತೆ. ಒಂದು ಮೂಲೆಯನ್ನು ಬಿಸಿನೀರಿನ ಬಟ್ಟೆಯಿಂದ ಅರ್ಧ ನಿಮಿಷ ಒತ್ತಿ, ಅಲ್ಲಿಂದ ಎತ್ತಿ, ಬರುತ್ತೆ. ಚಾಕು ತುದಿ ಹಾಕಿದರೆ ಬಾಯಿಗೆ ಗೀರು ಬಿದ್ದು ಡಬ್ಬ ಶಾಶ್ವತವಾಗಿ ಸೋರುತ್ತೆ. ಸಾರಿನ ವಿಷಯದಲ್ಲಿ ಇನ್ನೊಂದು: ಡಬ್ಬಕ್ಕೆ ಹಾಕಿದ ಮೇಲೆ ಒಗ್ಗರಣೆ ಸುರಿಯಬೇಡಿ. ಸಾಸಿವೆ ಸಿಡಿಯೋ ಎಣ್ಣೆ ಪಿಪಿ ಕರಗೋ ಬಿಸಿಯನ್ನೂ ದಾಟಬಹುದು. ಹಳೇ ಡಬ್ಬದ ಒಳಗೆ ಅಲ್ಲಲ್ಲಿ ಸಣ್ಣ ಗುಳಿ, ಬಿಳಿ ಚುಕ್ಕೆ ಕಂಡರೆ ಹೆಚ್ಚಾಗಿ ಅದೇ ಕಾರಣ.

ಸಡಿಲ ಮುಚ್ಚಳದಲ್ಲಿ ಎರಡು ಬಗೆ. ಬಿಸಿ ತಗುಲಿ ಸೊಟ್ಟಗಾಗಿದ್ದರೆ ಸರಿ ಹೋಗುವ ಸಾಧ್ಯತೆ ಇದೆ. ಕೈ ತಡೆಯದಷ್ಟು ಬಿಸಿ ನೀರಲ್ಲಿ, ಕುದಿಯೋದು ಬೇಡ, ಐದು ನಿಮಿಷ ಮುಳುಗಿಸಿ. ತೆಗೆದ ಕೂಡಲೇ ಅದರದೇ ಡಬ್ಬಕ್ಕೆ ಹಾಕಿ, ಬೋರಲಾಗಿ ಚಪ್ಪಟೆ ಜಾಗದಲ್ಲಿಟ್ಟು ಮೇಲೆ ಭಾರ ಹೇರಿ, ಪೂರ್ತಿ ತಣ್ಣಗಾಗೋವರೆಗೆ ಮುಟ್ಟಬೇಡಿ. ಆಮೇಲೆ ಪತ್ರಿಕೆ ಪಟ್ಟಿ ಎಳೆದು ನೋಡಿ. ಬಾಯಿಗೆ ಸ್ಟೀಲ್ ನಾರು ಉಜ್ಜಿ ಸವೆದಿದ್ದರೆ, ಮುಚ್ಚಳದ ಸಂದಿಯಲ್ಲಿ ಕೂದಲೆಳೆ ಬಿರುಕು ಬಿಟ್ಟಿದ್ದರೆ ಅದಕ್ಕೆ ಮದ್ದಿಲ್ಲ. ಗುಂಡಿ, ಮೊಳೆ ಇಡೋಕೆ ಇಟ್ಕೊಳ್ಳಿ.

ನಾಲ್ಕು ಕಡೆ ಕ್ಲಿಪ್ ಇರೋ ಡಬ್ಬದಲ್ಲಿ ಸಿಲಿಕೋನ್ ರಿಂಗ್ ಇರುತ್ತೆ. ಚಮಚದ ಹಿಡಿಯಿಂದ ಎಬ್ಬಿಸಿ ತೆಗೆದು, ರಿಂಗ್ ಕೂರೋ ಸಂದಿಯನ್ನೂ ಸೇರಿಸಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಹಾಕುವಾಗ ಒಂದೇ ಕಡೆಯಿಂದ ಎಳೆಯುತ್ತಾ ಹೋದರೆ ಕೊನೆಗೆ ಉದ್ದ ಮಿಕ್ಕಿ ಅಲ್ಲಿ ಉಬ್ಬುತ್ತೆ. ಎದುರು ಬದುರು ನಾಲ್ಕು ಕಡೆ ಒತ್ತಿ ಕೂರಿಸಿ, ಆಮೇಲೆ ನಡುವಿನದ್ದು ಒತ್ತಿ.

ಶಿರಾ_ಲೆಕ್ಕಪತ್ರ:

ಸೇರ್ಕೊಳ್ಳೋ ವಿಷಯ ಯಾರೂ ಮುಟ್ಟಲಿಲ್ಲ, ಅದು ನನ್ನ ಪಾಲು. ಎರಡು ವ್ಯವಹಾರ ಬೇರೆ ಬೇರೆ ಇಟ್ಟು ನೋಡಿ ಮೇಡಂ. ಡಬ್ಬ ಮಾರಿದ್ದಕ್ಕೆ ಕಮಿಷನ್ ಬಂದರೆ ಅದು ವ್ಯಾಪಾರ. ಜನ ಸೇರಿಸಿದ್ದಕ್ಕೆ ದುಡ್ಡು ಬಂದರೆ ಅದು ಪಿರಮಿಡ್. 2021ರ ಗ್ರಾಹಕ ಸಂರಕ್ಷಣೆ (ನೇರ ಮಾರಾಟ) ನಿಯಮಗಳು ಇದನ್ನು ನಿಷೇಧಿಸಿವೆ. ಹಣ ಚಲಾವಣೆ ಯೋಜನೆಗಳ ವಿರುದ್ಧ 1978ರ ಕಾಯ್ದೆಯೂ ಇದೆ.

ಲೆಕ್ಕ ಹಾಕಿ ನೋಡಿ. ಒಬ್ಬರ ಕೆಳಗೆ ಹತ್ತು, ಅವರ ಕೆಳಗೆ ನೂರು, ಸಾವಿರ, ಹತ್ತು ಸಾವಿರ, ಲಕ್ಷ. ಆರನೇ ಮೆಟ್ಟಿಲಿಗೆ 10 ಲಕ್ಷ. 2011ರ ಜನಗಣತಿಯಲ್ಲಿ ಇಡೀ ಕೋಲಾರ ಜಿಲ್ಲೆಯೇ ಸುಮಾರು 15.4 ಲಕ್ಷ, ತೊಟ್ಟಿಲ ಮಗು, ಮುದುಕರು ಎಲ್ಲಾ ಸೇರಿ. ಏಳನೇ ಮೆಟ್ಟಿಲು ಇಳಿಯೋಕೆ ಜಿಲ್ಲೆಯಲ್ಲಿ ಜನವೇ ಇಲ್ಲ. ಕೊನೇ ಮೆಟ್ಟಿಲಲ್ಲಿ ಸೇರಿದೋರ ಮನೆಯಲ್ಲಿ ಮಾರಾಟವಾಗದ ಡಬ್ಬ ಉಳಿಯುತ್ತೆ.

ಮನೆಗೆ ಬರೋರು ಗುರುತಿನ ಚೀಟಿ ಹಿಡಿದು, ಮೊದಲೇ ಸಮಯ ಕೇಳಿ ಬರಬೇಕು ಅಂತ ನಿಯಮದಲ್ಲೇ ಇದೆ. ಬೆಲೆ, ವಾಪಸ್ ಮಾಡೋ ಕ್ರಮ, ವಾರಂಟಿ ಎಲ್ಲಾ ಹೇಳಬೇಕು. ಆ ದಿನ ಬಿಲ್ಲು ಕೇಳಿ, ಮುಚ್ಚಳ ಸಡಿಲವಾದರೆ ಯಾರು, ಎಷ್ಟು ದಿನದಲ್ಲಿ ಬದಲಾಯಿಸ್ತಾರೆ ಅಂತ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. "ಜೀವಮಾನ ಗ್ಯಾರಂಟಿ" ಅಂತ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಸೇರೋಕೆ ಮೊದಲು ಇಷ್ಟು ಸಾವಿರದ ಸಾಮಾನು ಕೊಳ್ಳಲೇಬೇಕು ಅಂದ್ರೆ ಅಲ್ಲಿಗೇ ನಿಲ್ಲಿಸಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಚಿಂತಾಮಣಿ_ಕಡಲೆಕಾಯಿ:

ಹಳೇ ಡಬ್ಬ ತರೋರಲ್ಲಿ ಯಾರಾದ್ರೂ ಅರಿಶಿನದ ಕಲೆ ಬಗ್ಗೆ ಕೇಳೇ ಕೇಳ್ತಾರೆ. ಅರಿಶಿನದ ಬಣ್ಣ ನೀರಿಗೆ ಬಿಡಲ್ಲ, ಎಣ್ಣೆಗೆ ಬಿಡುತ್ತೆ. ಎರಡು ಹನಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಸೋಪಿನಿಂದ ತೊಳೆದು, ಒಳಭಾಗ ಸೂರ್ಯನ ಕಡೆ ಮಾಡಿ ಬಿಸಿಲಲ್ಲಿಡಿ. ಬಿಸಿಲಿಗೆ ಆ ಹಳದಿ ತಾನಾಗಿ ಮಾಸುತ್ತೆ. ಮುಚ್ಚಳವನ್ನು ಮಾತ್ರ ದಿನಗಟ್ಟಲೆ ಬಿಸಿಲಲ್ಲಿ ಮರೆತು ಬಿಡಬೇಡಿ. ಪ್ಲಾಸ್ಟಿಕ್ ಬಿರುಸಾಗಿ ಅಂಚು ಸೀಳುತ್ತೆ.