ಹಳೇ ಐಡಿಇ ಹಾರ್ಡ್ ಡಿಸ್ಕ್ ತಿರುಗುತ್ತಿದೆ, ಲ್ಯಾಪ್‌ಟಾಪಿಗೆ ಮಾತ್ರ ಕಾಣುತ್ತಿಲ್ಲ

ಗುಬ್ಬಿ ಸ್ಟುಡಿಯೋ:
ಮೂರು ದಿನದಿಂದ ತಲೆ ಕೆಟ್ಟಿದೆ. ಅಪ್ಪ ಗುಬ್ಬಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಅವರ ಕಂಪ್ಯೂಟರಿನ ಡಿಸ್ಕಿನಲ್ಲಿ (ಅಗಲ ಪಟ್ಟಿ ಕೇಬಲ್ ಹಾಕುವ ಹಳೇ ಐಡಿಇ ಮಾದರಿಯದು) ಊರಿನವರ ಮದುವೆ ಫೋಟೋ, ಸಿದ್ಧಗಂಗೆ ದನದ ಜಾತ್ರೆಯ ಫೋಟೋ ಎಲ್ಲಾ ಇವೆ. ಬೇರೆ ಕಾಪಿ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಯುಎಸ್‌ಬಿ ಅಡಾಪ್ಟರ್ ತಗೊಂಡು ಬಂದೆ. ಹಾಕಿದರೆ ಡಿಸ್ಕ್ ತಿರುಗುವ ಸದ್ದು ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಏನೂ ಬರುವುದಿಲ್ಲ. ಯಾರಾದರೂ ದಾರಿ ಹೇಳಿ.

ತಿಪಟೂರು ಟೆಕ್:
ಪವರ್ ಸಾಲುತ್ತಿಲ್ಲ, ಅಷ್ಟೇ. 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕೇ ಬೇಕು. ಯುಎಸ್‌ಬಿ ಕೊಡುವುದು 5 ವೋಲ್ಟ್.

ಗುಬ್ಬಿ ಸ್ಟುಡಿಯೋ:
ಪವರ್‌ಗೆ ಬೇರೆ ಅಡಾಪ್ಟರ್ ಬಂದಿದೆ ಸಾರ್. 12 ವೋಲ್ಟ್, 2 ಆಂಪ್ ಅಂತ ಬರೆದಿದೆ. ತಿರುಗುತ್ತಿದೆ ಅಂದೆನಲ್ಲ.

ತಿಪಟೂರು ಟೆಕ್:
ಬರೆದಿರುವುದು 2 ಆಂಪ್. ನಿಜವಾಗಿ ಎಷ್ಟು ಕೊಡುತ್ತದೋ! ಡಿಸ್ಕ್ ಶುರುವಾಗುವಾಗಲೇ ಜಾಸ್ತಿ ಎಳೆಯುವುದು. ಹಳೇ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಡಬ್ಬಿ) ತಗೊಳ್ಳಿ, ದೊಡ್ಡ ಕನೆಕ್ಟರಿನ ಹಸಿರು ವೈರಿಗೆ ಕಪ್ಪು ವೈರ್ ಸೇರಿಸಿ. ಆನ್ ಆಗುತ್ತದೆ. ಅದರ ಮೋಲೆಕ್ಸ್, ಅಂದರೆ ನಾಲ್ಕು ಪಿನ್ನಿನ ಪವರ್ ಪ್ಲಗ್, ಡಿಸ್ಕಿಗೆ ಹಾಕಿ.

ಕೋಲಾರ ಬೆಂಚ್:
ಹೊಸಬರಿಗೆ ವೈರ್ ಸೇರಿಸಿ ಅನ್ನಬೇಡಿ ಸಾರ್. ಕೈತಪ್ಪಿ ಬೇರೆ ವೈರಿಗೆ ಮುಟ್ಟಿದರೆ ಆ ಫೋಟೋಗಳ ಗತಿ ಏನು?

ತಿಪಟೂರು ಟೆಕ್:
ಎಷ್ಟೋ ಸಲ ಮಾಡಿದ್ದೇನೆ. ಏನೂ ಆಗಿಲ್ಲ.

ಕೋಲಾರ ಬೆಂಚ್:
ನಿಮಗೆ ಆಗಿಲ್ಲ. ಅವರಿಗೆ ಇರುವುದು ಒಂದೇ ಕಾಪಿ.

ಚಿಂತಾಮಣಿ ಪಿ4:
ನನ್ನ ಕೇಳಿದರೆ ಅಡಾಪ್ಟರ್ ಗೊಡವೆಯೇ ಬೇಡ. ನಮ್ಮ ಮನೆಯಲ್ಲಿ ಹಳೇ ಪೆಂಟಿಯಂ 4 ಕಂಪ್ಯೂಟರ್ ಇನ್ನೂ ಗಟ್ಟಿಯಾಗಿದೆ. ಬೋರ್ಡಿನಲ್ಲಿ ಎರಡು ಐಡಿಇ ಪೋರ್ಟ್. 80 ಎಳೆಯ ಕೇಬಲ್ಲು, ನೀಲಿ ತುದಿ ಬೋರ್ಡಿಗೆ, ಕಪ್ಪು ತುದಿ ಡಿಸ್ಕಿಗೆ. ವಿಂಡೋಸ್ ಎಕ್ಸ್‌ಪಿ ಹಾಕಿಟ್ಟಿದ್ದೇನೆ. ಹತ್ತಿರದವರು ಯಾರಾದರೂ ಡಿಸ್ಕ್ ತಂದರೆ ನಾನೇ ಕೂತು ತೆಗೆದುಕೊಡುತ್ತೇನೆ.

ಕೋಲಾರ ಬೆಂಚ್:
ಗುಬ್ಬಿಯವರೇ, ಜಂಪರ್ ಎಲ್ಲಿದೆ? ಡಿಸ್ಕಿನ ಹಿಂಬದಿ, 40 ಪಿನ್ನಿನ ಸಾಲಿಗೂ ಪವರ್ ಸಾಕೆಟ್ಟಿಗೂ ನಡುವೆ ನೋಡಿ. ಎರಡು ಪಿನ್ನಿಗೆ ಟೋಪಿ ಹಾಕಿದ ಹಾಗೆ ಒಂದು ಪುಟ್ಟ ಪ್ಲಾಸ್ಟಿಕ್ ತುಂಡು ಇರುತ್ತದೆ. ಒಂದೇ ಕೇಬಲ್ಲಿನಲ್ಲಿ ಎರಡು ಡಿಸ್ಕ್ ಇದ್ದರೆ ಇದು ಮೊದಲನೆಯದೋ (ಮಾಸ್ಟರ್) ಎರಡನೆಯದೋ (ಸ್ಲೇವ್) ಅಂತ ಹೇಳುವುದು ಅದೇ. ಡಿಸ್ಕ್ ಯಾವ ಕಂಪನಿಯದು ಅಂತಲೂ ಹೇಳಿ.

ಗುಬ್ಬಿ ಸ್ಟುಡಿಯೋ:
ಇದೆ. ಮಾಸ್ಟರ್‌ನಲ್ಲಿದೆ. ಆ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇದ್ದವು, ಇದು ಮೊದಲನೆಯದು. ವೆಸ್ಟರ್ನ್ ಡಿಜಿಟಲ್, 80 ಜಿಬಿ.

ತಿಪಟೂರು ಟೆಕ್:
ಮಾಸ್ಟರ್ ಸರಿಯಾಗಿಯೇ ಇದೆಯಲ್ಲ. ಯುಎಸ್‌ಬಿ ಅಡಾಪ್ಟರ್ ಕೇಳುವುದೂ ಅದನ್ನೇ. ಪವರ್ ನೋಡಿ ಅಂತಲೇ ಹೇಳುತ್ತೇನೆ.

ಕೋಲಾರ ಬೆಂಚ್:
ಇಲ್ಲೇ ಇದೆ ಗಂಟು. ವೆಸ್ಟರ್ನ್ ಡಿಜಿಟಲ್ ಐಡಿಇ ಡಿಸ್ಕಿಗೆ ಮಾಸ್ಟರ್ ಬೇರೆ, ಸಿಂಗಲ್ ಬೇರೆ. ಮಾಸ್ಟರ್ ಅಂದರೆ ಕೇಬಲ್ಲಿನಲ್ಲಿ ಸ್ಲೇವ್ ಕೂಡ ಇದೆ ಅಂತ ಅರ್ಥ. ಈಗ ಸ್ಲೇವ್ ಇಲ್ಲ. ಒಂಟಿ ಡಿಸ್ಕಿಗೆ ಜಂಪರ್ ಪೂರ್ತಿ ತೆಗೆಯಬೇಕು. ಮೇಲಿನ ಲೇಬಲ್ಲಿನಲ್ಲೇ ಚಿತ್ರ ಇರುತ್ತದೆ, ಹೋಲಿಸಿ ನೋಡಿ. ಪವರ್ ಆಫ್ ಮಾಡಿಯೇ ಕೈ ಹಾಕಿ.

ಗುಬ್ಬಿ ಸ್ಟುಡಿಯೋ:
ಬಂತು! ಅಕ್ಕನ ಚಿಮಟದಲ್ಲಿ ಹಿಡಿದು ಎಳೆದೆ. ಅಡಾಪ್ಟರ್ ಹಾಕಿದ ಕೂಡಲೇ ಆ ಒಂದೇ ಡಿಸ್ಕಿನ ಎರಡು ಭಾಗ ಎರಡು ಡ್ರೈವ್ ಆಗಿ ಕಾಣಿಸಿದವು. ಅಪ್ಪನ ಫೋಲ್ಡರಿಗೆ ಮೊದಲು ಪರ್ಮಿಷನ್ ಇಲ್ಲ ಅಂದಿತು. ಕಂಟಿನ್ಯೂ ಒತ್ತಿದೆ, ತೆರೆಯಿತು. ಮೊದಲ ಫೋಟೋದಲ್ಲೇ ಹಳ್ಳಿಕಾರ್ ಜೋಡಿ, ಕೊಂಬಿಗೆ ಕಳಸು, ಪಕ್ಕದಲ್ಲಿ ಅಪ್ಪನ ಸ್ಕೂಟರ್.

ಚಿಂತಾಮಣಿ ಪಿ4:
ಬಹಳ ಖುಷಿಯಾಯಿತು. ಮುಖ್ಯವಾದ ಫೋಲ್ಡರ್ ಮೊದಲು ಕಾಪಿ ಮಾಡಿ. ಆ ಡಿಸ್ಕಿಗೆ ಏನೂ ಬರೆಯಬೇಡಿ, ಚೆಕ್ ಡಿಸ್ಕ್ (ಡಿಸ್ಕ್ ದೋಷ ಸರಿಮಾಡುವ ಪ್ರೋಗ್ರಾಂ) ಓಡಿಸಬೇಡಿ. ಟಕ್ ಟಕ್ ಅಂತ ಸದ್ದು ಬಂದರೆ ತಕ್ಷಣ ನಿಲ್ಲಿಸಿ.

ಗುಬ್ಬಿ ಸ್ಟುಡಿಯೋ:
ಕಾಪಿ ನಡೀತಿದೆ. ಆಗಲೇ ಹೇಳಿದ ಎರಡನೇ ಡಿಸ್ಕ್ ಸೀಗೇಟ್‌ದು. ಅದರಲ್ಲಿ ಜಂಪರೇ ಇಲ್ಲ. ಅದೂ ಕಾಣುತ್ತಿಲ್ಲ.

ತಿಪಟೂರು ಟೆಕ್:
ಅದು ಉಲ್ಟಾ. ಸೀಗೇಟ್ ಐಡಿಇಯಲ್ಲಿ ಜಂಪರ್ ಇಲ್ಲದಿದ್ದರೆ ಸ್ಲೇವ್. ಅದಕ್ಕೆ ಮಾಸ್ಟರ್ ಜಾಗದಲ್ಲಿ ಹಾಕಲೇಬೇಕು. ನನ್ನದೆಲ್ಲಾ ಸೀಗೇಟ್, ಅದಕ್ಕೇ ಮಾಸ್ಟರ್ ಸರಿ ಅಂದೆ. ಕೋಲಾರದವರು ಹೇಳಿದ್ದು ಸರಿ. ಮೊದಲನೆಯದರಿಂದ ತೆಗೆದ ಜಂಪರ್ ಇದೆ ತಾನೇ? ಅದನ್ನೇ ಹಾಕಿ.

ಗುಬ್ಬಿ ಸ್ಟುಡಿಯೋ:
ಎಳೆಯುವಾಗ ಚಿಮ್ಮಿ ಟೇಬಲ್ ಕೆಳಗೆ ಬಿತ್ತು ಸಾರ್. ಟಾರ್ಚ್ ಹಿಡಿದು ಹುಡುಕುತ್ತಿದ್ದೇನೆ.